ನಾನು ಕತ್ತರಿಸಿ ಬಿಟ್ಟ ಗೆರೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ನಮ್ಮ ಛಾಯಾಗ್ರಾಹಕರ ಸಂಘದ ಹಿರಿಯರೇ, ಕಿರಿಯರೇ, ಕುರ್ಚಿ ಸಾಲದೆ ಹಿಂದಿನ ಗೋಡೆಗೆ ಒರಗಿ ನಿಂತಿರುವ ಸಹನಾಶೀಲ ಸಭಿಕರೇ,

ನೀವು ಕೊಟ್ಟ ಫಲಕ ದೊಡ್ಡದು, ವಿಷಯ ಅದಕ್ಕಿಂತ ದೊಡ್ಡದು, ಸಮಯ ಮಾತ್ರ ಹದಿನೈದು ನಿಮಿಷ. ‘ಚಿತ್ರದಲ್ಲಿ ಗೆರೆ ಮತ್ತು ಆಕಾರ’ದ ಬಗ್ಗೆ ಮಾತಾಡಿ ಎಂದಿದ್ದೀರಿ. ಮಾತಾಡಬಲ್ಲೆ. ನಲವತ್ತು ವರ್ಷ ಇದೇ ಕೆಲಸ ಮಾಡಿದವಳಿಗೆ ಈ ವಿಷಯದಲ್ಲಿ ಸಂಕೋಚವಿಲ್ಲ. ನಿಲ್ಲಿಸುವುದೇ ಕಷ್ಟವಾಗಬಹುದು, ಅದನ್ನು ಅಧ್ಯಕ್ಷರು ನೋಡಿಕೊಳ್ಳಲಿ.

ನನಗೆ ಗೆರೆ ಕಲಿಸಿದವರು ನಮ್ಮತ್ತೆ. ನಗಬೇಡಿ, ಸೊಸೆಯ ಮುಂದೆ ಗೆರೆ ಎಳೆದ ಅತ್ತೆಯಂದಿರು ಬಹಳ ಮಂದಿ ಇದ್ದಾರೆ, ಬಲ್ಲೆ. ಆದರೆ ನಮ್ಮತ್ತೆ ಮಾವನವರು ತೀರಿಹೋದ ಮೇಲೆ ಅವರ ಸ್ಟುಡಿಯೋವನ್ನು ಒಬ್ಬರೇ ನಡೆಸಿದವರು. ಸೊಸೆಯಾಗಿ ಬಂದ ನನ್ನನ್ನು ಮೊದಲು ಡಾರ್ಕ್ ರೂಮಿನ ಟ್ರೇ ತೊಳೆಯಲು ಹಚ್ಚಿದರು, ಆಮೇಲೆ ದೀಪ ಹಿಡಿಯಲು, ಮೂರನೆಯ ವರ್ಷ ಕ್ಯಾಮೆರಾ ಕೈಗೆ ಕೊಟ್ಟರು. ನಾನು ಮೊದಲ ಸಲ ಒಂದು ಕುಟುಂಬದ ಹನ್ನೊಂದು ಜನರನ್ನು ಸಾಲಾಗಿ ನಿಲ್ಲಿಸಿದಾಗ ಹಿಂದಿನಿಂದ ಬಂದು, “ಬೇಲಿ ಕಟ್ತಿದ್ದೀಯೇನೇ?” ಎಂದರು. ಅಜ್ಜಿಯನ್ನು ನಡುವೆ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮಕ್ಕಳನ್ನು ಎರಡೂ ಬದಿಗೆ ಇಳಿಜಾರಾಗಿ ಜೋಡಿಸಿ, “ಮನುಷ್ಯರನ್ನ ಗುಡ್ಡದ ಹಾಗೆ ಕೂರಿಸು. ಆಗ ಎಲ್ಲರೂ ಒಬ್ಬರಿಗೊಬ್ಬರು ಆತಿರ್ತಾರೆ” ಎಂದರು. ತ್ರಿಕೋನ ಎಂಬ ಮಾತನ್ನೇ ಅವರು ಆಡಲಿಲ್ಲ. ಆ ಮನೆಯವರು ಅದೇ ಚಿತ್ರವನ್ನು ಆರು ಪ್ರತಿ ಮಾಡಿಸಿಕೊಂಡರು.

ಮಲಗಿದ ಗೆರೆ ಚಿತ್ರಕ್ಕೆ ನೆಮ್ಮದಿ ಕೊಡುತ್ತದೆ. ಓರೆ ಗೆರೆ ಸುಮ್ಮನಿರುವುದಿಲ್ಲ, ಓಡುತ್ತದೆ. ದಾರಿ, ಹಳಿ, ಮೆಟ್ಟಿಲಿನ ಕಟಕಟೆ, ಯಾವುದಾದರೂ ಸರಿ, ದೂರಕ್ಕೆ ಹೋಗುತ್ತಾ ಒಂದನ್ನೊಂದು ಕೂಡುವ ಗೆರೆಗಳು ನೋಡುವವರ ಕಣ್ಣನ್ನು ಕೈಹಿಡಿದು ನಡೆಸುತ್ತವೆ. ಇದನ್ನು ನೀವೆಲ್ಲ ಬಲ್ಲಿರಿ. ಹಾಗಾದರೆ ಕೇಳುತ್ತೇನೆ: ಕೈಹಿಡಿದು ಎಲ್ಲಿಗೆ ನಡೆಸುತ್ತವೆ? ಅಲ್ಲಿ ಏನಿದೆ ಎಂದು ನಾವು ನೋಡಿದ್ದೇವೆಯೇ?

ಈಗಷ್ಟೇ ಕಾರ್ಯದರ್ಶಿಗಳು ಓದಿದ ಅಭಿನಂದನಾ ಪತ್ರದಲ್ಲಿ ಒಂದು ಸಾಲಿದೆ: ‘ಇವರ ಸೂಕ್ಷ್ಮ ದೃಷ್ಟಿಯಿಂದ ಹಳೆಯ ವಾಚನಾಲಯದಲ್ಲಿ ಆಗಬಹುದಾಗಿದ್ದ ಅನಾಹುತ ತಪ್ಪಿತು.’ ನೀವು ಚಪ್ಪಾಳೆ ತಟ್ಟಿದಿರಿ. ನಾನೂ ನಕ್ಕೆ. ಮೂವತ್ತು ವರ್ಷದಿಂದ ಹಾಗೆಯೇ ನಗುತ್ತಾ ಬಂದಿದ್ದೇನೆ. ಇಲ್ಲಿಗೆ ಬರುವಾಗ ಇದನ್ನು ಹೇಳಬೇಕೆಂದು ಅಂದುಕೊಂಡಿರಲಿಲ್ಲ, ಆದರೆ ಗೆರೆಯ ಮಾತು ಎತ್ತಿದ ಮೇಲೆ ಅದನ್ನು ದಾಟಿ ಹೋಗಲು ಮನಸ್ಸು ಬರುತ್ತಿಲ್ಲ.

ಆ ವಾಚನಾಲಯದ ಸ್ಮರಣ ಸಂಚಿಕೆಗೆ ಒಂದು ಚಿತ್ರ ಬೇಕಿತ್ತು. ಹೋದೆ. ಎಂಥ ಕೋಣೆ! ಎರಡೂ ಬದಿಗೆ ಉದ್ದನೆಯ ಮೇಜುಗಳು, ಕಪಾಟುಗಳ ಸಾಲು, ಎಲ್ಲವೂ ಕೊನೆಯ ದೊಡ್ಡ ಕಿಟಕಿಯ ಕಡೆಗೆ ಹರಿಯುತ್ತಿವೆ. ಆ ಕಿಟಕಿಯ ಕೆಳಗೆ ನನ್ನ ಎಂಟು ವರ್ಷದ ಮಗಳು ಕೂತು ಓದುತ್ತಿದ್ದಳು. ಶಾಲೆ ಬಿಟ್ಟ ಮೇಲೆ ದಿನಾ ಅಲ್ಲೇ ಕೂರುತ್ತಿದ್ದಳು, ಸ್ಟುಡಿಯೋಗೆ ಹತ್ತಿರ ಎಂದು. ಕ್ಯಾಮೆರಾ ಸ್ಟ್ಯಾಂಡಿಗೆ ಏರಿಸಿದೆ. ಎಲ್ಲ ಗೆರೆಯೂ ನೇರವಾಗಿತ್ತು, ಒಂದನ್ನು ಬಿಟ್ಟು. ಮಾಡಿನ ಕೊನೆಯ ತೊಲೆ ನಡುವಿನಲ್ಲಿ ಸ್ವಲ್ಪ ಜೋತಿತ್ತು.

ಕಂಡಿತೇ? ಕಂಡಿತು, ಚೆನ್ನಾಗಿಯೇ ಕಂಡಿತು. ಚಿತ್ರ ಕೆಡುತ್ತದಲ್ಲ ಎಂದು ಬೇಜಾರಾಯಿತು, ಅಷ್ಟೇ. ಪ್ರಿಂಟ್ ಹಾಕುವಾಗ ಮೇಲಿನ ಎರಡು ಬೆರಳಷ್ಟು ಕತ್ತರಿಸಿ ಬಿಟ್ಟೆ. ಆ ಚಿತ್ರಕ್ಕೆ ಬಹುಮಾನ ಬಂತು. ತೀರ್ಪುಗಾರರು ‘ಗೆರೆಗಳ ಶಿಸ್ತು’ ಎಂದು ಬರೆದರು.

ನಾಲ್ಕು ತಿಂಗಳಾದ ಮೇಲೆ ಒಂದು ಪತ್ರಿಕೆಯವರು ದೊಡ್ಡ ಪ್ರತಿ ಕೇಳಿದರು. ನನಗೆ ಜ್ವರ. ಅತ್ತೆಯೇ ಡಾರ್ಕ್ ರೂಮಿಗೆ ಹೋಗಿ ಕತ್ತರಿಸದೆ ಪೂರ್ತಿ ನೆಗೆಟಿವ್ ಹಾಕಿ, ಒದ್ದೆ ಪ್ರಿಂಟನ್ನು ಹಿಡಿದುಕೊಂಡೇ ನನ್ನ ಹಾಸಿಗೆಯ ಹತ್ತಿರ ಬಂದರು.

“ಈ ಗೆರೆಗಳು ಕಣ್ಣನ್ನ ಎಲ್ಲಿಗೆ ಕರ್ಕೊಂಡು ಹೋಗ್ತವೆ?”

“ಮಗು ಹತ್ರ, ಅತ್ತೆ.”

“ಮಗು ಮೇಲೆ ಏನಿದೆ?”

ಅವರು ಉತ್ತರಕ್ಕೆ ಕಾಯಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಟರು. ಜ್ವರವನ್ನು ಅಲ್ಲೇ ಬಿಟ್ಟು ನಾನೂ ಹಿಂದೆ ಓಡಿದೆ. ಮಗಳು ಅಲ್ಲೇ ಕೂತಿದ್ದಳು. ಅತ್ತೆ ಅವಳ ರಟ್ಟೆ ಹಿಡಿದು, ಪುಸ್ತಕದ ಸಮೇತ ಹೊರಗೆ ತಂದರು.

ವಾಚನಾಲಯದ ಮೇಲ್ವಿಚಾರಕರನ್ನು ನಾವು ‘ಶ್ಶ್ ಸಾರ್’ ಎಂದೇ ಕರೆಯುತ್ತಿದ್ದೆವು. ಅತ್ತೆ ತೊಲೆ ತೋರಿಸಿದರೆ ಅವರು ನಕ್ಕರು, ಆದರೂ ಎಂಜಿನಿಯರನ್ನು ಕರೆಸಿದರು. ಎಂಜಿನಿಯರು ಪ್ರಿಂಟ್ ನೋಡಿ, “ಇದು ಲೆನ್ಸಿನ ದೋಷ ಅಮ್ಮಾ. ಅಂಚಿನಲ್ಲಿರೋ ಗೆರೆ ಬಾಗಿದ ಹಾಗೆ ಕಾಣುತ್ತೆ” ಎಂದರು. ನಿಮಗೆ ಗೊತ್ತು, ಆ ಮಾತು ಸುಳ್ಳಲ್ಲ. ಕೆಲವು ಲೆನ್ಸುಗಳು ಹಾಗೆ ಮಾಡುತ್ತವೆ. ಆದರೆ ನಾನು ಕಣ್ಣಾರೆ ಕಂಡದ್ದು?

ಅತ್ತೆ ವಾದಕ್ಕೆ ಇಳಿಯಲಿಲ್ಲ. ಹೊಲಿಗೆಯ ದಾರ ತರಿಸಿದರು. ನಾನು ಏಣಿ ಹತ್ತಿ, ತೊಲೆಯ ಎರಡೂ ತುದಿಗೆ, ಕೆಳ ಅಂಚಿಗೆ ಸಮನಾಗಿ ಮೊಳೆ ಹೊಡೆದು ದಾರ ಬಿಗಿದೆ. ನಡುವಿನಲ್ಲಿ ತೊಲೆ ದಾರಕ್ಕಿಂತ ನಾಲ್ಕು ಬೆರಳು ಕೆಳಗಿತ್ತು.

“ಹಳೇ ಮರ. ಎಷ್ಟೋ ವರ್ಷದಿಂದ ಹೀಗೇ ಇರಬಹುದು,” ಎಂದರು ಎಂಜಿನಿಯರು.

“ಇರಬಹುದು. ಇವತ್ತೊಂದು ಫೋಟೋ, ಎಂಟು ದಿನ ಬಿಟ್ಟು ಇನ್ನೊಂದು ಫೋಟೋ. ಅಲ್ಲೀತನಕ ಒಳಗೆ ಯಾರೂ ಬೇಡ,” ಎಂದರು ಅತ್ತೆ.

“ಹಾಗೆಲ್ಲ ಬಾಗಿಲು ಮುಚ್ಚೋಕೆ ನನಗೆ ಅಧಿಕಾರ ಇಲ್ಲಮ್ಮಾ.”

“ನಿಮಗಿಲ್ಲ ತಾನೇ? ಬಿಡಿ.”

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ, ಅರವತ್ತೆರಡು ವರ್ಷದ ನಮ್ಮತ್ತೆ ಬಾಗಿಲಿಗೆ ಅಡ್ಡಲಾಗಿ ಒಂದು ಬೆಂಚು ಹಾಕಿಕೊಂಡು ಕೂತಿದ್ದಾರೆ. ಬಂದವರಿಗೆಲ್ಲ, “ಜಗಲಿ ಮೇಲೆ ಕೂತು ಓದಿ, ಅಕ್ಷರ ಅಲ್ಲೂ ಕಾಣುತ್ತೆ” ಎನ್ನುತ್ತಿದ್ದಾರೆ. ಜೀವಮಾನವಿಡೀ ‘ಶ್ಶ್’ ಎಂದ ನಮ್ಮ ಶ್ಶ್ ಸಾರ್ ಅಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದರು. ಅತ್ತೆ ಬೆರಳನ್ನು ತುಟಿಗಿಟ್ಟು, “ಶ್ಶ್, ಓದ್ತಿದ್ದಾರೆ” ಎಂದರು.

ಎಂಟು ದಿನ ಕೂತರು. ನಾನು ಸ್ಟ್ಯಾಂಡಿನ ಮೂರು ಕಾಲಿಗೂ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದ್ದೆ. ಅದೇ ಜಾಗ, ಅದೇ ಎತ್ತರ, ಅದೇ ಹೊತ್ತು. ತೊಲೆಯನ್ನು ಚಿತ್ರದ ಅಂಚಿಗೆ ಬಿಡದೆ ನಟ್ಟನಡುವೆ ಇಟ್ಟುಕೊಂಡೆ, ಲೆನ್ಸಿನ ಮೇಲೆ ಯಾರೂ ತಪ್ಪು ಹೊರಿಸದ ಹಾಗೆ. ಎರಡನೆಯ ಪ್ರಿಂಟಿನಲ್ಲಿ ನಾಲ್ಕು ಬೆರಳು ಐದಾಗಿತ್ತು.

ಎಂಜಿನಿಯರು ಎರಡೂ ಪ್ರಿಂಟುಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ಏಣಿ ಹತ್ತಿ, ತೊಲೆ ಗೋಡೆ ಸೇರುವಲ್ಲಿ ಸ್ಕ್ರೂಡ್ರೈವರ್ ಒತ್ತಿದರು. ಅದು ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆ ಬಣ್ಣ, ಒಳಗೆ ಗೆದ್ದಲು. ಒಂದು ಹಿಡಿ ಪುಡಿ ಅವರ ತೋಳಿನ ಮೇಲೆ ಸುರಿಯಿತು. ಅವರು ಇಳಿದು ಬಂದು, ತಮ್ಮ ಕೈಯಾರೆ ಬಾಗಿಲಿಗೆ ಬೀಗ ಹಾಕಿದರು. ಮನುಷ್ಯ ಒಳ್ಳೆಯವರು. ಮರುವಾರ ಸ್ಟುಡಿಯೋಗೇ ಬಂದು, ಊರಿನ ಉಳಿದ ಹಳೆಯ ಕಟ್ಟಡಗಳ ಚಿತ್ರವನ್ನೂ ಹೀಗೆಯೇ ತೆಗೆದುಕೊಡಿ ಎಂದು ಅತ್ತೆಯನ್ನು ಕೇಳಿದರು. ಅತ್ತೆ ನನ್ನ ಕಡೆ ತೋರಿಸಿ, “ತೆಗೆಯೋಳು ಇವಳು. ಇವಳ ಕಣ್ಣಿಂದ ಏನೂ ತಪ್ಪಿಸ್ಕೊಳ್ಳಲ್ಲ” ಎಂದುಬಿಟ್ಟರು.

ಸಭಿಕರೇ, ಅಭಿನಂದನಾ ಪತ್ರದ ಆ ಸಾಲು ಹುಟ್ಟಿದ್ದು ಅಲ್ಲಿ. ನಾನು ತಿದ್ದಲಿಲ್ಲ. ಇವತ್ತು ತಿದ್ದುತ್ತಿದ್ದೇನೆ: ಆ ಸೂಕ್ಷ್ಮ ದೃಷ್ಟಿ ನಮ್ಮತ್ತೆಯದು, ಕತ್ತರಿ ನನ್ನದು.

ಎಂಜಿನಿಯರು ಅತ್ತ ಹೋದ ಮೇಲೆ ಕೇಳಿದೆ: “ಅತ್ತೆ, ನೀವು ನನಗೆ ಒಂದು ಮಾತೂ ಬೈಲಿಲ್ಲವಲ್ಲ?”

ಅವರು ಪ್ರಿಂಟುಗಳನ್ನು ತಂತಿಗೆ ಸಿಕ್ಕಿಸುತ್ತಿದ್ದರು. ತಿರುಗಿಯೂ ನೋಡದೆ ಹೇಳಿದರು: “ಬೈದ್ರೆ ಏನ್ ಕಲೀತಿದ್ದೆ? ಮುಂದಿನ ಸಲ ಸೊಟ್ಟ ಗೆರೆ ಕಂಡ್ರೆ, ನನಗೂ ಕಾಣದ ಹಾಗೆ ಕತ್ತರಿಸೋದು ಕಲೀತಿದ್ದೆ.”

ಅಲ್ಲಿಂದ ಹತ್ತೊಂಬತ್ತು ವರ್ಷ ಆ ಎಂಜಿನಿಯರ ಕಚೇರಿಗೆ ಕಟ್ಟಡಗಳ ಚಿತ್ರ ತೆಗೆದುಕೊಟ್ಟೆ. ಒಂದಕ್ಕೂ ಬಹುಮಾನ ಬರಲಿಲ್ಲ. ಒಂದನ್ನೂ ಕತ್ತರಿಸಲಿಲ್ಲ. ಹೆಮ್ಮೆಯಿಂದ ಹೇಳುತ್ತೇನೆ, ಅವೇ ನನ್ನ ಒಳ್ಳೆಯ ಚಿತ್ರಗಳು.

ಆದ್ದರಿಂದ ಕಿರಿಯರೇ, ಗೆರೆ ಹುಡುಕಿ, ಆಕಾರ ಕಟ್ಟಿ, ಬೇಡವಾದದ್ದನ್ನು ಧಾರಾಳವಾಗಿ ಬಿಡಿ. ಬಿಡುವುದೂ ನಮ್ಮ ವಿದ್ಯೆಯೇ. ಆದರೆ ಬಿಡುವ ಮೊದಲು ಒಂದು ಸಲ ಅದರ ಕೆಳಗೆ ಯಾರು ಕೂತಿದ್ದಾರೆ ನೋಡಿ.

ಇಷ್ಟನ್ನೂ ನಾನು ನನ್ನ ಮಗಳಿಗೆ ಹೇಳಿರಲಿಲ್ಲ. ಎಂಟು ವರ್ಷದವಳಿಗೆ ಹೇಳಲು ಬಾಯಿ ಬರಲಿಲ್ಲ, ಆಮೇಲೆ ಹೊತ್ತು ಮೀರಿತು ಎಂದುಕೊಂಡೆ. ಅವಳು ಈಗ ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಾಳೆ. ಮಗಳೇ, ಎದ್ದು ಹೋಗದೆ ಕೂತಿದ್ದೀಯಲ್ಲ, ಅಷ್ಟು ಸಾಕು. ಮನೆಗೆ ಹೋದ ಮೇಲೆ ಬೇಕಾದಷ್ಟು ಬೈಯಿ. ನಿಮ್ಮಜ್ಜಿಯ ಹಾಗೆ ಸುಮ್ಮನಿರಬೇಡ, ನಾನು ಈಗ ಕಲಿತಾಗಿದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕರೆದ ಸಂಘಕ್ಕೆ, ಕೇಳಿದ ನಿಮಗೆ, ನಿಂತೇ ಕೇಳಿದವರಿಗೆ ಇನ್ನೂ ಒಂದು ಪಾಲು ಹೆಚ್ಚಾಗಿ, ನನ್ನ ಧನ್ಯವಾದ. ನಮಸ್ಕಾರ.