ಹೆಣದ ಗೊರಕೆ

ಐಜ್ವಾಲಿನ ಸಿಟಿ ಬಸ್ಸಿನಲ್ಲಿ, ಸಾಂಗಿಯ ಮುಂದಿನ ಸೀಟಿನ ಮುದುಕ ಪಕ್ಕದ ಮುದುಕಿಯ ಮೇಲೆ ರೇಗುತ್ತಿದ್ದ.

“ಪಿ ಹ್ಲುನಿ, ನಾನು ಮಾಡಿದ ಹಳೇ ಸಿನಿಮಾನ ಈಗಿನ ಹುಡುಗ್ರು ಯೂಟ್ಯೂಬಲ್ಲಿ ಹುಡುಕಿ ನೋಡ್ತಿದಾರೆ. ಅದ್ರಲ್ಲಿ ಹೆಣವಾಗಿ ಮಲಗಿದ ನಿಮ್ಮ ಗಂಡ ಉಸಿರಾಡ್ತಿದಾನೆ ಅಂತ ಊರೆಲ್ಲ ನಗ್ತಿದೆ.”

“ನಾನೂ ದಿನಾ ನೋಡ್ತೀನಿ, ಪೂ ದಾರ್ಕುಂಗಾ.”

“ಕೇರಿಯೋರು ಸುತ್ತ ಕೂತು ಸಾವಿನ ಹಾಡು ಹೇಳಿದ್ರೆ ನಿದ್ದೆ ಮಾಡ್ಬಿಟ್ಟ. ಗೊರಕೆ ಬೇರೆ. ಅಷ್ಟನ್ನೂ ಕತ್ತರಿಸಿ ಹಾಕ್ತೀನಿ.”

ಸಾಂಗಿ ನಗು ನುಂಗಿಕೊಂಡಳು.

“ಕತ್ತರಿಸ್ಬೇಡಿ,” ಎಂದಳು ಮುದುಕಿ.

“ಉಸಿರು ಹಿಡ್ಕೋ ಅಂತ ಎಷ್ಟು ಬೇಡ್ಕೊಂಡೆ ಗೊತ್ತಾ?”

“ಹೋದ ವರ್ಷ ನಮ್ಮನೆಯವರು ಹಿಡ್ಕೊಂಡ್ರಲ್ಲ. ಕೇರಿಯೋರು ಮನೆಗೆ ಬಂದು ಅದೇ ಹಾಡು ಹೇಳಿದ್ರು. ನಾನು ಇವರ ಹೊಟ್ಟೆ ಅಲುಗುತ್ತಾ ಅಂತಾನೇ ನೋಡ್ತಾ ಕೂತಿದ್ದೆ. ನೀವು ಹೇಳ್ಕೊಟ್ಟ ಹಾಗೇ ಮಲಗಿದ್ರು.”

ಬಸ್ಸು ನಿಂತಿತು. ಮುದುಕ ಮೊದಲು ಇಳಿದು, ಮುದುಕಿಯ ಕೈ ಹಿಡಿದು ಇಳಿಸಿಕೊಂಡ.

“ಗೊರಕೆ ಸರಿಯಾಗಿ ಕೇಳಿಸ್ತಿಲ್ಲ,” ಎಂದ. “ಸ್ವಲ್ಪ ಜೋರು ಮಾಡಿಸ್ಲಾ?”