ಕ್ಯಾಪ್ಟನ್ ಕೇಳಿದ ಸಹಿ

ಆ ದಿನ ನಾಲ್ಕು ಗಂಟೆಗೇ ಮಳೆ ಹಿಡಿದಿತ್ತು. ಆರಕ್ಕೆ ಕರೆಂಟ್ ಹೋಯಿತು. ಮೂರನೇ ಮಹಡಿಯ ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ಚಾರ್ಜಿಂಗ್ ಲ್ಯಾಂಪ್ ಇಟ್ಟುಕೊಂಡು ನಾಲ್ಕು ಜನ ಕುಳಿತಿದ್ದೆವು. ಅತ್ತೆ, ಮೈದುನ, ಮಾವನ ತಂದೆಯಾದ ತಾತ, ನಾನು.

ಮೈದುನ ಮಿಲಿಟರಿ ಅಕಾಡೆಮಿ ಮುಗಿಸಿ ಬಂದು ಒಂಬತ್ತು ದಿನವಾಗಿತ್ತು. ಮೊದಲ ಪೋಸ್ಟಿಂಗಿನ ಆರ್ಡರ್ ಅಂದು ಮಧ್ಯಾಹ್ನ ಬಂದಿತ್ತು. ಅದರಲ್ಲಿದ್ದ ಜಾಗ ಎಷ್ಟು ಹುಡುಕಿದರೂ ನಕಾಶೆಯಲ್ಲಿ ಸಿಗಲಿಲ್ಲ. ಸಿಗದಿದ್ದುದು ಅವನಿಗೆ ಹೆಮ್ಮೆ, ಅತ್ತೆಗೆ ಸಂಕಟ. ಅವರಿಗೆ ಉಳಿದಿರುವ ಮಗ ಅವನೊಬ್ಬನೇ. ನನ್ನ ಗಂಡ ಹೋಗಿ ಆಗ ಹನ್ನೊಂದು ತಿಂಗಳು.

ಮೊದಲ ಸಲ ಹೋದಾಗ ನಿಮಗೆ ಹೆದರಿಕೆ ಆಗಿತ್ತಾ ಎಂದು ಮೈದುನ ತಾತನನ್ನು ಕೇಳಿದ. ಎಂಬತ್ತಮೂರರ ತಾತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಆಗಿತ್ತಪ್ಪಾ... ಆದ್ರೆ ನೀನು ಅಂದ್ಕೊಂಡಿರೋ ಥರ ಅಲ್ಲ. ಆರ್ಡರ್ ಬಂದ ದಿನ ನಂಗೂ ನಿನ್ನ ಹಾಗೇ ಕಾಲು ನೆಲದ ಮೇಲೆ ನಿಲ್ತಿರ್ಲಿಲ್ಲ. ಇಪ್ಪತ್ತೆರಡು ವರ್ಷ, ಹೆಗಲ ಮೇಲೆ ಹೊಸಾ ನಕ್ಷತ್ರ, ಅದನ್ನ ಎಷ್ಟು ಉಜ್ಜಿದ್ದೆ ಅಂದ್ರೆ ಅದರಲ್ಲೇ ಮುಖ ನೋಡ್ಕೊಂಡು ಗಡ್ಡ ಕೆರ್ಕೋಬಹುದಿತ್ತು. ಅಷ್ಟು ಗಡ್ಡ ಇರ್ಲಿಲ್ಲ, ಆ ಮಾತು ಬೇರೆ. ಆರ್ಡರಿನಲ್ಲಿ ಇದ್ದಿದ್ದು ಒಂದೇ ಸಾಲು... ಇಂಥ ಚೌಕಿಗೆ ಹೋಗಿ ಅಲ್ಲಿರೋ ಕ್ಯಾಪ್ಟನ್ನಿಂದ ಚಾರ್ಜ್ ತಗೊಳ್ಳತಕ್ಕದ್ದು.

“ಚಾರ್ಜ್ ತಗೊಳ್ಳೋದು ಅಂದ್ರೆ ಇವನಿಗೆ ಗೊತ್ತು, ನಿಮಗೆ ಹೇಳ್ತೀನಿ ಕೇಳಿ. ಒಂದು ಕಾಗದ. ಕೆಳಗೆ ಎರಡು ಸಹಿ. ಬಿಟ್ಟು ಹೋಗೋನು ಎಲ್ಲಾ ತೋರಿಸಿ ‘ಕೊಟ್ಟೆ’ ಅಂತ ಹಾಕ್ತಾನೆ, ಬಂದೋನು ಎಲ್ಲಾ ನೋಡಿ ‘ತಗೊಂಡೆ’ ಅಂತ ಹಾಕ್ತಾನೆ. ಎರಡನೇ ಸಹಿ ಬೀಳೋ ತನಕ ಮೊದಲನೆಯವನು ಜಾಗ ಬಿಟ್ಟು ಕದಲೋ ಹಾಗಿಲ್ಲ. ಮನೇಲಿ ಬೆಂಕಿ ಬಿದ್ರೂ ಇಲ್ಲ. ಅಕಾಡೆಮೀಲಿ ನಮ್ಮ ತಲೆಗೆ ತುಂಬಿದ್ದೇ ಇದು... ನೋಡದೆ ಸಹಿ ಹಾಕ್ಬೇಡ, ಸಹಿ ಆಗದೆ ಹೊರಡ್ಬೇಡ.

“ಲಾರಿ ಇಳಿದು ಅರ್ಧ ದಿನ ಬೆಟ್ಟ ಹತ್ತಿದೆ. ಮೇಲೆ ಕಲ್ಲಿನ ನಾಲ್ಕು ಕೋಣೆ, ಒಂದು ತಗಡಿನ ಅಡುಗೆಮನೆ, ಇಪ್ಪತ್ತು ಜನ. ಮುದಿ ಹವಾಲ್ದಾರ ಸಲ್ಯೂಟ್ ಹೊಡೆದು ನನ್ನ ಕೋಣೆ ತೋರಿಸಿ ಹೋದ. ಒಳಗೆ ಕಿಟಕಿ ಹತ್ತಿರ ಕ್ಯಾಪ್ಟನ್ ನಿಂತಿದ್ರು. ಎತ್ತರದ ಆಳು, ಇಪ್ಪತ್ತೊಂಬತ್ತಿರಬಹುದು. ಸಲ್ಯೂಟ್ ಹೊಡೆದೆ, ನಕ್ಕುಬಿಟ್ರು. ‘ಬಂದ್ಯಾ ತಮ್ಮಾ? ಎಷ್ಟು ಕಾಯಿಸ್ದೆ. ಬೇಗ ಎಲ್ಲಾ ನೋಡ್ಕೊಂಡು ಸಹಿ ಹಾಕಿಬಿಡು, ನಾನು ಮನೆಗೆ ಹೋಗ್ಬೇಕು. ಅವಳು ಕಾಯ್ತಿದ್ದಾಳೆ.’ ಮದುವೆಯಾಗಿ ಎರಡು ವರ್ಷ ಆಗಿತ್ತಂತೆ, ಜೊತೇಲಿ ಇದ್ದಿದ್ದು ಒಟ್ಟು ನಲವತ್ತು ದಿನ.

“ಮೂರು ದಿನ ತೋರಿಸಿದ್ರು ನೋಡು, ಯಾವ ಮೇಷ್ಟ್ರೂ ಹಾಗೆ ಕಲಿಸಿಲ್ಲ. ಯಾವ ಬಂಡೆ ಮಳೇಲಿ ಜಾರುತ್ತೆ, ಪಂಪು ಕೆಟ್ರೆ ಎಲ್ಲಿ ಒದೀಬೇಕು... ಹೌದಮ್ಮಾ, ಒದೀಲೇಬೇಕು, ಬೈದ್ರೆ ಶುರು ಆಗ್ತಿರ್ಲಿಲ್ಲ. ವೈರ್‌ಲೆಸ್ಸಿನವನಿಗೆ ಓದು ಬರುತ್ತೆ, ಆದ್ರೆ ಹೆಂಡತಿ ಕಾಗದ ಒಬ್ಬನೇ ಓದೋಕೆ ಧೈರ್ಯ ಇಲ್ಲ, ಜೊತೆಗೆ ಕೂತ್ಕೋ ಅಂದ್ರು. ಅಡುಗೆಯವನಿಗೆ ಉಪ್ಪು ಜಾಸ್ತಿ ಆಯ್ತು ಅಂತ ಎಲ್ಲರ ಎದುರಿಗೆ ಹೇಳ್ಬೇಡ, ಎರಡು ದಿನ ಸಪ್ಪೆ ತಿನ್ನಿಸ್ತಾನೆ ಅಂದ್ರು. ಒಂದೇ ವಿಚಿತ್ರ. ಪ್ರತಿ ಬಾಗಿಲ ಹತ್ತಿರಾನೂ ನಿಂತು, ನಾನು ತೆಗೆಯೋ ತನಕ ಕಾಯ್ತಿದ್ರು. ಎಂಥಾ ಮರ್ಯಾದಸ್ಥ ಅಂದ್ಕೊಂಡೆ.

“ಮೂರನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅಡುಗೆಯವನಿಗೆ ಹೇಳ್ದೆ, ಕ್ಯಾಪ್ಟನ್ ಸಾಹೇಬ್ರಿಗೂ ತಟ್ಟೆ ಇಡಯ್ಯಾ, ಒಂದು ದಿನವೂ ಊಟ ಮಾಡಿದ್ದು ನೋಡ್ಲಿಲ್ಲ ಅಂತ. ಅವನು ಸೌಟು ಹಿಡ್ಕೊಂಡು ಹಾಗೇ ನಿಂತ. ಹವಾಲ್ದಾರ ನನ್ನನ್ನ ಹೊರಗೆ ಕರ್ಕೊಂಡು ಹೋಗಿ, ಮೆಲ್ಲಗೆ, ಮಗುಗೆ ಹೇಳೋ ಹಾಗೆ ಹೇಳ್ದ. ‘ಸಾಹೇಬ್ರು ಜ್ವರ ಬಂದು ತೀರ್ಕೊಂಡು ಎರಡು ತಿಂಗಳಾಯ್ತು ಸಾರ್. ಇದೇ ದಾರೀಲೇ ಕೆಳಗೆ ಹೊತ್ಕೊಂಡು ಹೋದ್ವಿ.’ ಕೆಳಗಿನ ಆಫೀಸಿನಲ್ಲಿ ಹಳೇ ಆರ್ಡರನ್ನ ಯಾರೂ ತಿದ್ದಿರ್ಲಿಲ್ಲ, ಅಷ್ಟೆ. ಮೂರು ದಿನದಿಂದ ನಾನೊಬ್ಬನೇ ಮಾತಾಡ್ಕೊಂಡು ಓಡಾಡೋದನ್ನ ಇಪ್ಪತ್ತು ಜನಾನೂ ನೋಡಿದ್ರು... ಹೊಸಾ ಆಫೀಸರು, ಪಾಠ ಒಪ್ಪಿಸ್ತಿದ್ದಾರೆ ಅಂದ್ಕೊಂಡಿದ್ರಂತೆ.

“ಆವಾಗ ಹೆದರಿಕೆ ಆಯ್ತಾ? ಆಯ್ತು. ಕೋಣೆಗೆ ಹೋದ್ರೆ ಅಲ್ಲೇ ಇದ್ದಾರೆ. ಮೇಜಿನ ಮೇಲೆ ಕಾಗದ, ಅದರಲ್ಲಿ ಅವರ ಸಹಿ ಆಗಿದೆ, ಕಾಯಿಲೆ ಬೀಳೋಕೆ ಮುಂಚೇನೇ ಹಾಕಿಟ್ಟಿದ್ದು. ‘ಗೊತ್ತಾಯ್ತಾ ತಮ್ಮಾ? ಹಾಗಿದ್ರೆ ಹಾಕು’ ಅಂದ್ರು. ಪೆನ್ ತೆಗೆದೆ. ಒಂದು ಗೆರೆ ಎಳೆದ್ರೆ ಅವರು ಮನೆಗೆ, ನಾನು ನನ್ನ ಕೆಲಸಕ್ಕೆ. ಅಷ್ಟೇ ತಾನೇ?

“ಹಾಕ್ಲಿಲ್ಲ.

“ಯಾಕೆ ಅಂತ ಕೇಳು ಮಗಾ. ಇವರು ಹೋದ್ರೆ ಇಪ್ಪತ್ತು ಜನರ ಪ್ರಾಣ ನನ್ನ ತಲೆ ಮೇಲೆ, ನಾನೊಬ್ಬನೇ... ಆ ಹೆದರಿಕೆ ಮುಂದೆ ದೆವ್ವದ ಹೆದರಿಕೆ ಏನೂ ಅನ್ನಿಸ್ಲಿಲ್ಲ. ‘ಸ್ಟೋರ್ ಇನ್ನೂ ಸರಿಯಾಗಿ ನೋಡಿಲ್ಲ ಸಾರ್, ನಾಳೆ’ ಅಂದೆ. ಒಳ್ಳೆ ಮನುಷ್ಯ, ಸರಿ ಅಂದ್ರು. ನಾಳೆ ಅಂದ್ರೆ ಇನ್ನೊಂದು ನೆಪ. ಹೀಗೆ ಎರಡು ವರ್ಷ. ಅಷ್ಟು ಚಂದದ ಎರಡು ವರ್ಷ ನನ್ನ ಜೀವಮಾನದಲ್ಲಿ ಮತ್ತೆ ಬರ್ಲಿಲ್ಲ. ಕಲ್ಲು ಜಾರೋ ಮುಂಚೆ ಹೇಳ್ತಿದ್ರು, ಪಕ್ಕಕ್ಕೆ ಬಾ ಅಂತ. ಚದುರಂಗ ಆಡ್ತಿದ್ವಿ, ಅವರ ಕಾಯಿಗಳನ್ನೂ ನಾನೇ ನಡೆಸ್ಬೇಕು, ಮೋಸ ಮಾಡಿದ್ರೆ ಗೊತ್ತಾಗಿಬಿಡ್ತಿತ್ತು. ನಂಗೆ ಅಣ್ಣ ಇರ್ಲಿಲ್ಲ ನೋಡು... ಆಟ ಮುಗಿದ ಮೇಲೆ ಒಂದೇ ಮಾತು, ಸಹಿ ಹಾಕ್ತೀಯಾ ತಮ್ಮಾ ಅಂತ. ಬೈತಿರ್ಲಿಲ್ಲ. ಬೈದಿದ್ರೆ ಹಾಕ್ತಿದ್ನೇನೋ.

“ಆಮೇಲೆ ಚೌಕೀನೇ ಮುಚ್ಚಿದ್ರು. ಕಾಗದ ನನ್ನ ಪೆಟ್ಟಿಗೇಲಿ ಬಂತು. ಕಾಗದ ಎಲ್ಲೋ, ಅವರೂ ಅಲ್ಲೇ.”

ಮೈದುನ ನಗಲು ಹೋಗಿ ನಿಲ್ಲಿಸಿದ. ಅತ್ತೆ, ಹೊರಡೋ ಹುಡುಗನ ಮುಂದೆ ಇದೆಲ್ಲ ಬೇಕಿತ್ತಾ ಮಾವ ಎಂದು ಗೊಣಗಿದರು.

“ಅವರ ಹೆಂಡತಿ?” ನಾನು ಕೇಳಿದೆ.

ಅತ್ತೆ ನನ್ನ ಕಡೆ ನೋಡಲಿಲ್ಲ. ತಾತ ನೋಡಿದರು.

“ಕೇಳ್ತೀಯಾ ಅಂತ ಗೊತ್ತಿತ್ತಮ್ಮಾ... ಮೊದಲನೇ ವರ್ಷವೇ ಚೌಕಿಗೆ ಒಂದು ಕಾಗದ ಬರೆದಿದ್ಲು, ಕೊನೇ ದಿನಗಳಲ್ಲಿ ಹೇಗಿದ್ರು ತಿಳಿಸಿ ಅಂತ. ಕೆಳಗೆ ಇನ್ನೆರಡು ಸಾಲು. ‘ಹೋದವರು ಒಂದು ಸಲವಾದರೂ ಮನೆಗೆ ಬಂದು ಹೋಗುತ್ತಾರೆ ಅಂತಾರೆ. ಇವರು ಅದಕ್ಕೂ ಬರಲಿಲ್ಲ.’ ಕ್ಯಾಪ್ಟನ್ ನನ್ನ ಹಿಂದೇನೇ ನಿಂತಿದ್ರು, ಯಾರದು ಅಂತ ಕೇಳಿದ್ರು. ಆಫೀಸಿಂದು ಸಾರ್ ಅಂತ ಮಡಚಿ ಜೇಬಿಗೆ ಹಾಕ್ಕೊಂಡೆ.

“ಅವಳಿಗೆ ಉತ್ತರ ಬರೆದಿದ್ದು ಯಾವಾಗ ಗೊತ್ತಾ? ಬರೀಲೇ ಇಲ್ಲ. ಮೂವತ್ತನಾಲ್ಕು ವರ್ಷ ಆದ್ಮೇಲೆ, ರಿಟೈರ್ ಆಗಿ, ಖುದ್ದು ಹೋದೆ. ಬೀದಿ ಸಿಕ್ತು. ಮನೆಯೂ ಸಿಕ್ತು. ಬಾಗಿಲು ತೆಗೆದೋರು ಬೇರೆಯವರು. ಅವರಾ, ಹೋದ ವರ್ಷ ತೀರ್ಕೊಂಡ್ರಲ್ಲ, ಒಬ್ಬರೇ ಇದ್ರು ಪಾಪ ಅಂದ್ರು.

“ವಾಪಸ್ ಬಂದು ಪೆಟ್ಟಿಗೆ ತೆಗೆದೆ. ಬೆಳಿಗ್ಗೆ ಹನ್ನೊಂದು ಗಂಟೆ, ಕಿಟಕಿ ತುಂಬಾ ಬಿಸಿಲು. ಸಹಿ ಹಾಕ್ದೆ... ತಗೊಂಡೆ ಅಂತ ಬರೆದು, ಪೂರ್ತಿ ಹೆಸರು, ದಿನಾಂಕ. ಆಯ್ತು ಸಾರ್, ಹೊರಡಿ ಅಂದೆ. ಬಗ್ಗಿ ಓದಿದ್ರು. ಅದೇ ಇಪ್ಪತ್ತೊಂಬತ್ತರ ಮುಖ, ಒಂದು ಕೂದಲು ನೆರೆತಿಲ್ಲ. ನನಗೋ ಅಷ್ಟರಲ್ಲಿ ಬಕ್ಕ ತಲೆ. ದಿನಾಂಕದ ಮೇಲೆ ಬಹಳ ಹೊತ್ತು ಕಣ್ಣಿಟ್ಟಿದ್ರು. ಆಮೇಲೆ ಕೇಳಿದ್ರು.

“‘ಈಗ ಎಲ್ಲಿಗೆ ಹೋಗ್ಲಿ ತಮ್ಮಾ?’

“ಏನು ಹೇಳ್ಲಿ, ನೀವೇ ಹೇಳಿ... ಇಲ್ಲೇ ಇರಿ ಸಾರ್ ಅಂದೆ. ಅವತ್ತಿಂದ ಮಾತಿಲ್ಲ. ಸಹಿ ಕೇಳೋದು ಬಿಟ್ರು, ಚದುರಂಗ ಬಿಟ್ರು. ಬಾಗಿಲ ಹತ್ತಿರ ಮಾತ್ರ ನಿಂತ್ಕೋತಾರೆ, ಯಾರಾದ್ರೂ ತೆಗೀತಾರೇನೋ ಅಂತ. ಹೋಗ್ರಮ್ಮಾ, ನೀವು ಮೂರೂ ಜನ ಒಳಗೆ ಊಟ ಮಾಡಿ. ನಾವಿಬ್ಬರೂ ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಇರ್ತೀವಿ.”