ಅಳಿಯದೇವರ ಎಣ್ಣೆಬಿಲ್ಲೆ

ಇದು ನಮ್ಮ ಪಕ್ಕದ ಮನೆಯ ಸೂರ್ಯಕಾಂತನಿಗೇ ಆದದ್ದು. ಮಾಧಾಪುರದಲ್ಲಿ ಕಂಪ್ಯೂಟರಿನವರ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ರಾತ್ರಿ ಮೆಹದಿಪಟ್ಟಣಂನಲ್ಲಿ ಕೊನೆಯ ಬಸ್ಸಿಳಿದು, ಹಿಂದಿನ ಓಣಿಯ ಆಲದ ಮರ, ಅದರಡಿಯ ಹಾಳು ಬಾವಿ ದಾಟಿ ಮನೆಗೆ ಬರುತ್ತಿದ್ದ. ಹೆಗಲಿಗೆ ಬಂದೂಕು. ನಡಿಗೆ ನೋಡಿದರೆ ದೊಡ್ಡ ದಂಡಿನ ಸರದಾರ. ಕಾಯುವುದೋ, ಆ ಕಟ್ಟಡಗಳ ಸಿಮೆಂಟ್ ಚೀಲ.

ಬಂದೂಕೂ ಇವನ ಗಳಿಕೆಯಲ್ಲ. ಮಾವ ಮಾಣಿಕಪ್ಪ ಸತ್ತ ಮೇಲೆ ಲೈಸೆನ್ಸ್ ಸಮೇತ ಇವನ ಪಾಲಿಗೆ ಬಂದದ್ದು. ಮಾವ ಕಾಡತೂಸು ತಾನೇ ತುಂಬುತ್ತಿದ್ದ. ತಳಕ್ಕೆ ಕರಿಮದ್ದು, ಮೇಲೊಂದು ಒಣ ರಟ್ಟು, ಆಮೇಲೆ ಜೇನುಮೇಣ, ಕುರಿಕೊಬ್ಬು ಕುಡಿಸಿದ ಉಣ್ಣೆಯ ಬಿಲ್ಲೆ, ಕೊನೆಗೆ ಸೀಸದ ಗುಂಡುಗಳು. ಜಿಡ್ಡಿದ್ದರೆ ಮದ್ದಿನ ಮಸಿ ನಳಿಗೆಗೆ ಕಚ್ಚುವುದಿಲ್ಲ. ಮಾಂಸ ಮುಟ್ಟದ ಮನೆತನ, ಆದರೂ ಮುದುಕ ಎಲೆಯಡಿಕೆ ಜಗಿಯುತ್ತ, "ಬಂದೂಕಿಗೆ ಎಲ್ಲೀ ಮಡಿ?" ಅನ್ನುತ್ತಿದ್ದ. ಈ ಮಹಾಶಯನಿಗೆ ಮಾತ್ರ ಹೇಸಿಗೆ. ಒಗ್ಗರಣೆಯ ಕುಸುಬಿ ಎಣ್ಣೆಯಲ್ಲಿ ಬಿಲ್ಲೆ ಅದ್ದಿದ. ರಟ್ಟು ದಂಡ ಅಂತ ಬಿಟ್ಟೇಬಿಟ್ಟ. ಎಣ್ಣೆ ಇಳಿದರೆ ಮದ್ದು ಕೆಡುತ್ತದೆ ಅನ್ನುವಷ್ಟು ಬುದ್ಧಿ ಆ ತಲೆಗೆ ಎಲ್ಲಿಂದ ಬರಬೇಕು! ಬೆಳಗಾದರೆ ಮ್ಯಾನೇಜರ್ ನರಹರಿಯ ಮುಂದೆ ಗುಂಡು ಹಾರಿಸಿ ತೋರಿಸಬೇಕು. ಹಾರದಿದ್ದರೆ ನೌಕರಿ ಹೋಯಿತು.

ಆ ರಾತ್ರಿ ಬಾವಿಯ ಹತ್ತಿರ ಬಂದ. ಟುಕ್... ಟುಕ್... ಕಾಡತೂಸಿನೊಳಗೆ ಮರದ ಕೋಲಿನಿಂದ ಬಿಲ್ಲೆ ಒತ್ತುವ ಸದ್ದು.

"ಯಾರದು?"

"ರಟ್ಟು ಹಾಕೀರೇನ್ರಿ, ಅಳಿಯದೇವ್ರ?" ಪಿಸುದನಿ... ಸತ್ತ ಮಾವನದು.

ಸರದಾರ ಬಂದೂಕನ್ನು ಬೆನ್ನ ಹಿಂದೆ ಅಡಗಿಸಿದ. "ಹಾ... ಹಾಕೀನ್ರಿ, ಮಾವ."

"ಹಂಗಾರ ಹಾರಸ್ರಿ. ನೋಡೂಣು."

ಕಣ್ಣು ಮುಚ್ಚಿ ಬಂದೂಕಿನ ಕುದುರೆ ಎಳೆದ. ಚಟ್. ಆಮೇಲೆ... ಫುಸ್ಸ್... ಸೀಸದ ಗುಂಡುಗಳು ಪಟಪಟ ಉದುರಿದವು. ಹಿಂದೆಯೇ ಎಣ್ಣೆಬಿಲ್ಲೆ ಜಾರಿ ಅವನ ಚಪ್ಪಲಿಯ ಮೇಲೆ ಬಿತ್ತು.

"ಥೂ..." ಅಂದಿತು ಕತ್ತಲು.

ಬಂದೂಕು, ಕಾಡತೂಸಿನ ಚೀಲ ಎರಡನ್ನೂ ಅಲ್ಲೇ ಎಸೆದು ಓಡಿದ. ದನಿ ಕಿವಿಯ ಪಕ್ಕದಲ್ಲೇ ಬಂತು: "ತುಂಬಿ ಇಡತೀನ್ರಿ... ನಿಮ್ಮ ಸಲುವಾಗಿ ಅಲ್ಲ. ನನ್ನ ಮಗಳು ಉಣಬೇಕಲ್ಲ."

"ಬಂದೂಕ ಎಲ್ಲೈತ್ರಿ?" ಅಂದಳು ಹೆಂಡತಿ ವಿಶಾಲಾಕ್ಷಿ. ಗಂಡ ಕೌದಿಯೊಳಗಿಂದ ತಲೆ ಹೊರಗೆ ಹಾಕಲಿಲ್ಲ.

ಬೆಳಿಗ್ಗೆ ಅವಳು ಬಾಗಿಲು ತೆರೆದರೆ ಬಂದೂಕು ಗೋಡೆಗೆ ಒರಗಿತ್ತು, ಪಕ್ಕದಲ್ಲಿ ಚೀಲ. ಸೂರ್ಯಕಾಂತ ಅದನ್ನೇ ಒಯ್ದು ಹಾರಿಸಿದ. ಢಂ! ನರಹರಿ ಬೆನ್ನು ತಟ್ಟಿದ. ನೌಕರಿ ಉಳಿಯಿತು. ನಾಚಿಕೆಗೆಟ್ಟವನು, ಮಧ್ಯಾಹ್ನ ಓಣಿಯಲ್ಲಿ ನಿಂತು ಮೀಸೆ ತಿರುವುತ್ತ, "ನನ್ನ ಕೈಗುಣ ನೋಡ್ರಿ" ಅಂದ!

ವಿಶಾಲಾಕ್ಷಿ ನನ್ನನ್ನೂ ಕರೆದು ಮನೆಮುಂದಿನ ಕಟ್ಟೆ ತೋರಿಸಿದಳು. ಇವನ ಎಣ್ಣೆಬಿಲ್ಲೆಗಳು ಸಾಲಾಗಿ ಇದ್ದವು. ಒಂದೊಂದರ ನಡುವಿಗೂ ಎಲೆಯಡಿಕೆಯ ಕೆಂಪು ಉಗುಳು. ನಂಬದಿದ್ದರೆ ಬಿಡಿ, ಬೆರಳಿಟ್ಟು ನೋಡಿದವನು ನಾನು. ಆ ಉರಿಬಿಸಿಲಲ್ಲೂ ಉಗುಳು ಹಸಿಯಾಗೇ ಇತ್ತು.